ಊದುಬತ್ತಿ ಬಣ್ಣದ ಹೆಬ್ಬೆರಳು

ಬೆರಳ ಮೇಲೆ ಕೂತಿತು, ಬಾಯಿ ಕಟ್ಟಿತು, ಕಣ್ಣು ತಿಂದಿತು. ಏನದು, ಹೇಳಿ ನೋಡೋಣ? ತಲೆ ಕೆರೆದುಕೊಳ್ಳಬೇಡಿ, ಮೇಷ್ಟ್ರಿಗೂ ಬರಲ್ಲ. ಕಥೆ ಕೇಳಿದರೇನೇ ಗೊತ್ತಾಗೋದು.

ಮಾರ್ಕೆಟ್ ಹಿಂದಿನ ವಠಾರದಲ್ಲಿ ಅಂಜಿನಮ್ಮ ಅಂತ ಒಬ್ಬಳು ಊದುಬತ್ತಿ ಹೊಸೆಯುತ್ತಿದ್ದಳು. ಕಡ್ಡಿಯ ತುದಿಗೆ ನೇರಳೆ ಬಣ್ಣ ಅದ್ದುವವಳೂ ಅವಳೇ. ಮೂರು ವರ್ಷದ ಮಗಳು ಗೌತಮಿ ಬೆಲ್ಲಕ್ಕೆ ಇರುವೆಯ ಹಾಗೆ ಅಮ್ಮನ ತೊಡೆಗೆ ಅಂಟಿಕೊಂಡಿರುತ್ತಿದ್ದಳು.

ಒಂದು ದಿನ ದಡಾರದ ಲಸಿಕೆ ಹಾಕುವವರು ಅಂಗನವಾಡಿಗೆ ಬಂದರು. ಚುಚ್ಚಿಸಿಕೊಂಡ ಮಕ್ಕಳ ಎಡ ಹೆಬ್ಬೆರಳಿಗೆ ನೇರಳೆ ಶಾಯಿ ಹಚ್ಚುತ್ತಿದ್ದರು. ಅಂಜಿನಮ್ಮನಿಗೆ ಲಸಿಕೆ ಮೇಲೆ ಸಿಟ್ಟೇನೂ ಇರಲಿಲ್ಲ. ಆದರೆ ಹಿಂದೊಮ್ಮೆ ಚುಚ್ಚಿಸಿದಾಗ ಮಗು ಜ್ವರದಲ್ಲಿ ಎರಡು ದಿನ ಮಡಿಲಿಂದ ಇಳಿದಿರಲಿಲ್ಲ. ಈಗ ನೋಡಿದರೆ ಹಬ್ಬದ ಬತ್ತಿ ಮೂಟೆಗಟ್ಟಲೆ ಬಾಕಿ. ಅತ್ತಿತ್ತ ನೋಡಿ, ಮಗಳ ಹೆಬ್ಬೆರಳನ್ನು ಬಣ್ಣದ ಡಬ್ಬಿಗೆ ಅದ್ದಿಬಿಟ್ಟಳು. ಮುಂದಿನ ತಿಂಗಳು ಹಾಕಿಸಿದರಾಯಿತು ಅಂದುಕೊಂಡಳು.

ಮಧ್ಯಾಹ್ನ ಆಶಾ ಕಾರ್ಯಕರ್ತೆ ರೆಹಾನಾ ಮನೆಮನೆ ನೋಡುತ್ತಾ ಬಂದಳು. ಬೆರಳು ನೋಡಿದಳು, ಬಾಗಿಲಿಗೆ ಸೀಮೆಸುಣ್ಣದ ಗುರುತು ಹಾಕಿದಳು, ಹೋದಳು. ಅಂಜಿನಮ್ಮ ಅಷ್ಟಕ್ಕೇ ಸುಮ್ಮನಿರಲಿಲ್ಲ. ನಾವು ಹಾಕಿಸಿದ್ವಿ, ನೀವೂ ಹಾಕಿಸಿ ಅಂತ ಪಕ್ಕದ ಮನೆಯವರಿಗೆ ಬುದ್ಧಿ ಬೇರೆ ಹೇಳಿ ಬಂದಳು.

ಹತ್ತು ದಿನ ಕಳೆಯಿತು. ಗೌತಮಿಗೆ ಜ್ವರ ಏರಿತು. ಕಣ್ಣು ಕೆಂಡ, ಮುಖದ ತುಂಬ ಗುಳ್ಳೆ. ನಲ್ಲಿಯ ಹತ್ತಿರ, ಕೊಡ ಹಿಡಿದು ನಿಂತ ಹೆಂಗಸರ ಮುಂದೆಯೇ ರೆಹಾನಾ ಮಗುವನ್ನು ನೋಡಿದಳು.

"ಹೆದರಬೇಡ ಅಂಜಿನಕ್ಕ. ಚುಚ್ಚಿದ ಮೇಲೆ ಕೆಲವು ಮಕ್ಕಳಿಗೆ ಹೀಗೆ ಗುಳ್ಳೆ ಏಳ್ತವೆ, ತಾವೇ ಇಳೀತವೆ. ಚುಚ್ಚಿಸದೆ ಇದ್ದಿದ್ದರೆ ಈಗಲೇ ಆಸ್ಪತ್ರೆಗೆ ಓಡು ಅಂತಿದ್ದೆ."

ಅಂಜಿನಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದ ಮನೆಯ ತಾಯವ್ವ, "ನೋಡ್ರೇ, ನಮ್ಮ ಸೊಸೆಗೆ ಪಾಠ ಹೇಳಿದ ಟೀಚರಮ್ಮ ಇವಳೇ," ಅಂದಳು. ಎಲ್ಲರೂ ನಕ್ಕರು. ತೆರೆದ ಬಾಯಿ ಮುಚ್ಚಿಕೊಂಡಿತು. ನಾಳೆ ಹೇಳೋಣ ಅಂದುಕೊಂಡಳು. ನಾಳೆಯೂ ಹೋಯಿತು, ನಾಳಿದ್ದೂ ಹೋಯಿತು.

ಮಗು ಬೆಳಕಿಗೆ ಕಣ್ಣು ಬಿಡಲಾರದೆ ಚೀರಿದ ದಿನ ರೆಹಾನಾಳ ಮನೆಗೆ ಓಡಿ ನಿಜ ಹೇಳಿದಳು. ರೆಹಾನಾ ಬೈಯಲಿಲ್ಲ. ಚಪ್ಪಲಿ ಕೂಡ ಮೆಟ್ಟದೆ ಆಟೋ ಕರೆದಳು. ಬೈದಿದ್ದರೇ ವಾಸಿ ಅನ್ನಿಸಿತು ಅಂಜಿನಮ್ಮನಿಗೆ.

ಜೀವ ಉಳಿಯಿತು. ಮೊದಲ ದಿನವೇ ತಂದಿದ್ದರೆ ಔಷಧಿ ಕೊಟ್ಟು ಕಣ್ಣನ್ನೂ ಉಳಿಸಬಹುದಿತ್ತು ಅಂದರು ಡಾಕ್ಟರು. ಎಡಗಣ್ಣಲ್ಲಿ ಬಿಳಿ ಹೂವು ಬಿದ್ದಿತ್ತು, ಆ ಕಣ್ಣು ಕಾಣುತ್ತಿರಲಿಲ್ಲ.

"ನಲ್ಲಿ ಹತ್ರಾನೇ ಒಂದು ಮಾತು ಹೇಳಬಾರದಿತ್ತಾ ಅಕ್ಕಾ?" ಅಂದಳು ರೆಹಾನಾ.

"ಎಲ್ಲರೂ ನಗ್ತಿದ್ರಲ್ಲಮ್ಮ," ಅಂದಳು ಅಂಜಿನಮ್ಮ. ಆಡಿದ ಮೇಲೆ, ಆ ಕಾರಣ ಎಷ್ಟು ಸಣ್ಣದು ಅಂತ ಅವಳಿಗೇ ಕೇಳಿಸಿತು.

ವರ್ಷ ತುಂಬುವುದರೊಳಗೆ ಹೂವು ತಾನಾಗಿ ಕರಗಿತು. ಗೌತಮಿ ಎಡಗಣ್ಣೊಂದರಲ್ಲೇ ನೋಡಿ ಸೂಜಿಗೆ ದಾರ ಪೋಣಿಸಿದಳು.

ನೀತಿ: ಗುರುತನ್ನು ಕದಿಯಬಹುದು, ಕಾಪನ್ನು ಕದಿಯಲಾಗದು. ಮಕ್ಕಳಿಗೆ ಲಸಿಕೆ ಹೊತ್ತಿಗೆ ಸರಿಯಾಗಿ ಹಾಕಿಸಿ. ತಪ್ಪಿಸಿದ್ದರೆ, ಯಾರು ನಕ್ಕರೂ ಸರಿ, ಅಂದೇ ಬಾಯಿಬಿಟ್ಟು ಹೇಳಿ.

ಸೂಜಿ ದಾರದ ಮಾತು ಮಾತ್ರ ನಾನು ಕಟ್ಟಿದ್ದು. ಹೂವು ಕರಗಲಿಲ್ಲ.