ಪ್ಲಗ್ಗಿನ ಕುಳಿಗೆ ಬಂದ ಎಣ್ಣೆ

ಹಳೆಯ ಕಾರಿನ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗೊಂದಿತ್ತು. ಒಂದು ದಿನ ಅದರ ಕುತ್ತಿಗೆಯವರೆಗೆ ಎಣ್ಣೆ ಏರಿತು. ಕಿಡಿ ತಪ್ಪಿ ಕಾರು ಮುಗ್ಗರಿಸಿ ನಿಂತಿತು. ಏನಾಯಿತೆಂದೇ ಪ್ಲಗ್ಗಿಗೆ ತಿಳಿಯಲಿಲ್ಲ.

“ನಿನ್ನ ಮನೆ ಬಿಟ್ಟು ನನ್ನ ಕುಳಿಗೇಕೆ ಬಂದೆ?” ಎಂದು ಎಣ್ಣೆಯನ್ನು ಕೇಳಿತು.

“ಹರಿಯುವುದು ನನ್ನ ಗುಣ. ತಡೆಯಬೇಕಾದವರು ತಡೆಯಲಿಲ್ಲ,” ಎಂದಿತು ಎಣ್ಣೆ.

ಎಣ್ಣೆ ಕುಳಿಗೆ ಇಳಿಯದಂತೆ ಮೇಲೆ ಕೂರಿಸಿದ್ದ ರಬ್ಬರ್ ಸೀಲನ್ನು ಪ್ಲಗ್ಗು ವಿಚಾರಿಸಿತು.

“ಹತ್ತು ವರ್ಷದಿಂದ ಕೂತ ಜಾಗ ಬಿಟ್ಟು ಕದಲಿಲ್ಲ. ನನ್ನ ಮೇಲೆ ಅನುಮಾನವೇ?” ಎಂದಿತು ಸೀಲು.

ಇಬ್ಬರ ಮಾತೂ ನಿಜವೆನಿಸಿತು. ಹಾಗಾದರೆ ತಪ್ಪು ತನ್ನದೇ ಇರಬೇಕೆಂದು ಪ್ಲಗ್ಗು ಗಲಿಬಿಲಿಗೊಂಡಿತು.

ಮೆಕ್ಯಾನಿಕ್ ದಾವಲಸಾಬ್ ಬಂದು ಬಾನೆಟ್ ಎತ್ತಿದ. “ಪ್ಲಗ್ ಕೆಟ್ಟದ, ಒಗದು ಹೊಸಾದು ಹಾಕಪಾ,” ಎಂದಳು ಕಾರಿನ ಒಡತಿ ನೀಲವ್ವ.

“ತಡೀರಿ ಅಕ್ಕಾರ, ಎಣ್ಣಿ ಎಲ್ಲಿಂದ ಬಂತು ನೋಡೋಣು.”

ಎಣ್ಣೆ ಒರೆಸಿ, ಎಂಜಿನ್ನಿನ ಮುಚ್ಚಳ ಬಿಚ್ಚಿ, ಅವನು ಸೀಲನ್ನು ಬೆರಳಿನಿಂದ ಒತ್ತಿದ. ಬಿಸಿಗೆ ಕಲ್ಲಾಗಿದ್ದ ಅದು ಬಾಗದೆ ಹಪ್ಪಳದಂತೆ ಮುರಿಯಿತು. ಅಲ್ಲಿ ಹೊಸ ಸೀಲು ಕೂರಿಸಿ, ಹಳೆಯ ಪ್ಲಗ್ಗನ್ನೇ ಒರೆಸಿ ಬಿಗಿದ. ಕಾರು ಹೊರಟಿತು.

“ನೀನಾದರೂ ಎಣ್ಣೆಯನ್ನು ತಡೆಯುತ್ತೀಯಾ?” ಎಂದು ಪ್ಲಗ್ಗು ಅಳುಕುತ್ತಲೇ ಕೇಳಿತು.

“ಮೆತ್ತಗಿರುವಷ್ಟು ದಿನ ತಡೆಯುತ್ತೇನೆ,” ಎಂದಿತು ಹೊಸ ಸೀಲು.