ಖಾಲಿ ಹಾಸಿಗೆ ಯಾರದು

ಕಲ್ಲೊರತೆ ರಾಜ್ಯದ ಪೇಟೆಬೀದಿಯಲ್ಲಿ ನಿಂತು ಡಂಗುರದವನು ತಮಟೆ ಬಾರಿಸಿದ. “ಕೇಳ್ರಪ್ಪೋ ಕೇಳ್ರಿ! ರಾಣಿ ಹೊನ್ನಾಜಮ್ಮನೋರು ಮಕ್ಕಳ ಕಾಯಿಲೆಗೆ ಅಂತಲೇ ಒಂದು ವೈದ್ಯಶಾಲೆ ಕಟ್ಟಿಸ್ತಾರೆ. ಅವರ ಮೂರು ಒಗಟು ಬಿಡಿಸಿದೋನೇ ಅದನ್ನ ಕಟ್ಟೋ ಯಜಮಾನ, ಮೇಲೆ ಕೇಳಿದ್ದು ಕೊಡ್ತಾರೆ. ತಪ್ಪು ಹೇಳಿದೋನ ತಲೆ ಬರೋ ಅಮಾವಾಸ್ಯೆಗೆ ಹಾರ್ತದೆ!”

ವೈದ್ಯಶಾಲೆ ಕಟ್ಟಿಸುವವಳು ತಲೆ ತೆಗೆಸುತ್ತಾಳೆಯೇ ಎಂದು ನೀವು ನಗಬಹುದು. ಊರಿನವರೂ ನಕ್ಕರು, ಬಾಗಿಲು ಮುಚ್ಚಿಕೊಂಡು. ಆದರೆ ರಾಣಿಯ ನಾಲ್ಕು ವರ್ಷದ ಮಗ ಪರರಾಜ್ಯದ ವೈದ್ಯರ ಬಳಿಗೆ ಹೋಗುವಾಗ ಪಲ್ಲಕ್ಕಿಯಲ್ಲೇ ತೀರಿಕೊಂಡಿದ್ದ. ದುಃಖ ಅವಳನ್ನು ಗಡುಸು ಮಾಡಿತ್ತು. ಹೆಸರಿಗಾಗಿ ಕಟ್ಟುವವನ ಕೈಗೆ ನನ್ನ ಊರಿನ ಮಕ್ಕಳನ್ನು ಕೊಡಲಾರೆ ಎಂಬುದು ಅವಳ ಹಟ.

ಡಂಗುರ ಕೇಳಿದವರಲ್ಲಿ ಮೇದರ ಚಿಕ್ಕೀರನೂ ಒಬ್ಬ. ಬಿದಿರಿನ ತೊಟ್ಟಿಲು ಹೆಣೆಯುವುದರಲ್ಲಿ ಗಟ್ಟಿಗ, ಮಾತಿನಲ್ಲಿ ಮಾತ್ರ ಸೊನ್ನೆ. ಹೋದ ವರ್ಷ ಅವನ ಐದು ವರ್ಷದ ಮಗಳು ನಾಗಿಗೆ ಜ್ವರ ಏರಿತ್ತು. ಬೆನ್ನಿಗೆ ಕಟ್ಟಿಕೊಂಡು ಎರಡು ದಿನ ನಡೆದ. ವೈದ್ಯರಿದ್ದ ಪರರಾಜ್ಯದ ಪಟ್ಟಣದ ಕೋಟೆ ಕಣ್ಣಿಗೆ ಬೀಳುವ ಹೊತ್ತಿಗೆ ನಾಗಿಯ ಉಸಿರು ನಿಂತಿತ್ತು. ಅಂದಿನಿಂದ ಅವನ ಹೆಂಡತಿ ಸಾಕವ್ವ ಊಟಕ್ಕೆ ಮೂರು ತಟ್ಟೆ ಇಡುತ್ತಾಳೆ, ಆಮೇಲೆ ನೆನಪಾಗಿ ಒಂದನ್ನು ಒಳಗೆ ಒಯ್ಯುತ್ತಾಳೆ.

“ಹೋಗ್ಬೇಡ ಕಣಯ್ಯ,” ಎಂದಳು ಸಾಕವ್ವ. “ಅವಳಂತೂ ಹೋದ್ಲು. ನೀನೂ ಹೋದ್ರೆ ನಾನು ಯಾರ ಮಖ ನೋಡ್ಲಿ?”

“ತಿಳೀದೋರು ಕಟ್ಟಿದ್ರೆ ಇನ್ಯಾರದೋ ಮನೇಲಿ ತಟ್ಟೆ ಒಳಗೆ ಹೋಗ್ತದೆ,” ಎಂದು ಚಿಕ್ಕೀರ ಹೆಗಲಿಗೆ ವಲ್ಲಿ ಹಾಕಿಕೊಂಡ. ಜೀವದ ಆಸೆ ಅವನಿಗೂ ಇತ್ತು. ನಾಗಿಯ ಹಂಬಲ ಅದಕ್ಕಿಂತ ದೊಡ್ಡದಾಗಿತ್ತು.

ಅವನು ಸಭೆಗೆ ಬರುವಷ್ಟರಲ್ಲಿ ಏಳು ಅಂತಸ್ತಿನ ಗೋಪುರ ಎಬ್ಬಿಸಿದ ಸ್ಥಪತಿ ಮಾರಪೆರುಮಾಳ್ ರಾಣಿಯೆದುರು ಮೀಸೆ ತಿರುವುತ್ತ ನಿಂತಿದ್ದ.

ರಾಣಿ ಕೇಳಿದಳು: “ರೋಗಿ ಒಬ್ಬ, ಹಾಸಿಗೆ ಎರಡು. ಎರಡನೆಯ ಹಾಸಿಗೆಯವರಿಗೆ ರೋಗವಿಲ್ಲ, ಆದರೂ ನಿದ್ದೆಯಿಲ್ಲ. ಯಾರವರು?”

“ಕಾವಲುಗಾರ!” ಎಂದ ಸ್ಥಪತಿ. ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು.

ಮದ್ದಿನ ಗ್ರಂಥಗಳನ್ನು ಓದಿಕೊಂಡಿದ್ದ ಆಸ್ಥಾನ ಪಂಡಿತ ನಂಜುಂಡಭಟ್ಟ ಮುಂದೆ ಬಂದ. “ಅದು ತಾಯಿ,” ಎಂದು ಮೊದಲನೆಯದನ್ನು ಗೆದ್ದ. ಸಭೆ ಭೇಷ್ ಎಂದಿತು. ರಾಣಿ ಎರಡನೆಯದನ್ನು ಕೇಳಿದಳು: “ಅರೆಯಬೇಕಿಲ್ಲ, ಕುದಿಸಬೇಕಿಲ್ಲ. ಮಗು ತಾನಾಗಿ ಕೇಳಿ ಪಡೆಯುವ ಮದ್ದು ಯಾವುದು?”

“ಜೇನುತುಪ್ಪ, ಮಹಾತಾಯಿ.”

“ನನ್ನ ಮಗ ಕೊನೆಯ ವಾರ ಜೇನನ್ನೂ ಉಗುಳಿದ,” ಎಂದಳು ರಾಣಿ. ಪಂಡಿತನೂ ಸೆರೆಮನೆ ಸೇರಿದ. ಆಮೇಲೆ ಯಾರೂ ಮುಂದೆ ಬರಲಿಲ್ಲ. ಚಿಕ್ಕೀರ ಎದ್ದಾಗ ಮಂತ್ರಿಯೇ ಕನಿಕರದಿಂದ, “ಮನೇಗೆ ಹೋಗಪ್ಪ,” ಎಂದ.

“ಮೊದಲನೇದು ತಾಯೀನೇ, ಬುದ್ಧಿ,” ಎಂದ ಚಿಕ್ಕೀರ. “ಆದ್ರೆ ಪಂಡಿತರು ಅಳತೆ ಹೇಳ್ಲಿಲ್ಲ. ನಮ್ಮ ಕೇರೀಲಿ ತೊಟ್ಟಿಲಿಗೆ ಮಗೂನ ಅಳೆಯೋದಿಲ್ಲ. ತಾಯೀನ ಚಾಪೆ ಮೇಲೆ ಮಲಗಿಸಿ, ಅವಳ ಕೈ ಎಲ್ಲೀಗಂಟ ಎಟುಕ್ತದೋ ಅಲ್ಲಿಗೆ ತೊಟ್ಟಿಲ ಅಂಚು ನಿಲ್ಲಿಸ್ತೀವಿ. ನಿಮ್ಮ ಮಂಚಗಳಿಗೂ ಅದೇ ಅಳತೆ ಬೇಕು. ಎರಡನೇದು ಆಟ. ನನ್ನ ಮಗಳು ಜ್ವರದಲ್ಲೂ ಬಿದಿರ ಚೂರು ಕೇಳಿ ಮನೆ ಕಟ್ತಿದ್ಲು. ಕಟ್ಟೋವಷ್ಟು ಹೊತ್ತು ನರಳ್ತಿರಲಿಲ್ಲ. ಅಂಗಳದಲ್ಲಿ ಮರಳು ಹಾಕ್ಸಿ, ತಾಯಿ.”

ರಾಣಿ ಸಿಂಹಾಸನದಿಂದ ಇಳಿದು ಹತ್ತಿರ ಬಂದಳು. ಮೂರನೆಯದನ್ನು ಕೇಳುವಾಗ ಅವಳ ದನಿ ಸಣ್ಣದಾಗಿತ್ತು. “ಮನೆ ತುಂಬ ಹಾಸಿಗೆ. ಎಲ್ಲದರಲ್ಲೂ ಮಕ್ಕಳು. ಒಂದು ಮಾತ್ರ ಸದಾ ಖಾಲಿ, ಆದರೂ ದಿನವೂ ಅದಕ್ಕೆ ಹೊಸ ಹೊದಿಕೆ. ಅದು ಯಾರ ಹಾಸಿಗೆ?”

“ಯುವರಾಜರದು ಅನ್ನೋ,” ಎಂದು ಮಂತ್ರಿ ಹಿಂದಿನಿಂದ ಪಿಸುಗುಟ್ಟಿದ. ಸಭೆಯೆಲ್ಲ ಅದನ್ನೇ ಅಂದುಕೊಂಡಿತು. ಚಿಕ್ಕೀರನ ನಾಲಿಗೆಯ ತುದಿಗೂ ಒಂದು ಹೆಸರು ಬಂತು, ಯುವರಾಜನದಲ್ಲ, ನಾಗಿಯದು. ಒಂದು ಹಾಸಿಗೆ ಅವಳ ಹೆಸರಿನಲ್ಲಿ ಇದ್ದಿದ್ದರೆ! ದಿನಾ ಬಂದು ಹೊದಿಕೆ ಸರಿಮಾಡಬಹುದಿತ್ತು. ಅವನಿಗೆ ಅಳು ಬಂತು. ಅಳುತ್ತಲೇ ಆ ಎರಡು ದಿನದ ದಾರಿ ನೆನೆದ.

“ಸತ್ತ ಮಕ್ಕಳಿಗೆ ಹಾಸಿಗೆ ಬೇಡ, ತಾಯಿ,” ಎಂದ. “ನಿಮ್ಮ ಮಗಂಗೂ ಬೇಡ, ನನ್ನ ಮಗಳಿಗೂ ಬೇಡ. ಅದು ಇನ್ನೂ ದಾರೀಲಿರೋ ಮಗೂದು. ಯಾರೋ ಹೊತ್ಕೊಂಡು ಓಡಿ ಬರ್ತಾ ಇದ್ದಾರೆ. ಬಂದಾಗ ಜಾಗ ಇಲ್ಲ ಅನ್ನಬಾರದು.”

ರಾಣಿ ಅಷ್ಟು ಜನರೆದುರು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. “ಮೂರೂ ಸರಿ,” ಎಂದಳು ಕೊನೆಗೆ. “ಏನು ಬೇಕೋ ಕೇಳು.”

“ಸೆರೆಯಲ್ಲಿರೋ ಇಬ್ರನ್ನೂ ಬಿಡಿ. ನಂಗೆ ಅಳತೆ ಗೊತ್ತು, ಕಲ್ಲು ಸ್ಥಪತಿಗೆ ಗೊತ್ತು, ಮದ್ದು ಪಂಡಿತರಿಗೆ ಗೊತ್ತು.”

“ಆಯಿತು. ನಿನಗೆ?”

“ತಾಯಿ ಇಲ್ದಿರೋ ಮಕ್ಕಳೂ ಬರ್ತವೆ. ಅವುಗಳ ಪಕ್ಕದ ಚಾಪೆ ನನ್ನ ಹೆಂಡ್ತಿಗೆ ಕೊಡಿ.”

ಎರಡು ವರ್ಷದಲ್ಲಿ ವೈದ್ಯಶಾಲೆ ಎದ್ದಿತು. ಸ್ಥಪತಿ ಗೋಪುರದ ಆಸೆ ಬಿಟ್ಟು ಮಂಚದ ಎತ್ತರಕ್ಕಾಗಿ ಚಿಕ್ಕೀರನ ಹಿಂದೆ ಅಲೆದ. ಬಾಗಿಲು ತೆರೆದ ದಿನವೇ ಒಂದು ಬಿಟ್ಟು ಎಲ್ಲ ಹಾಸಿಗೆಯೂ ತುಂಬಿತು. ಆಗ ಗಾಡಿಯವನೊಬ್ಬ ಜ್ವರದ ಹುಡುಗಿಯೊಂದನ್ನು ತಂದು ಆ ಖಾಲಿ ಹಾಸಿಗೆಯಲ್ಲಿ ಮಲಗಿಸಿದ. ಆಳು ಇನ್ನೊಂದು ಹಾಸಿಗೆ ಹಾಸಲು ಓಡಿದ. ಸಾಕವ್ವ ಚಾಪೆ ತಂದು ಕೂತಳು.

“ನಂಗೆ ಅವ್ವ ಇಲ್ಲ,” ಎಂದಿತು ಹುಡುಗಿ, ಮೊದಲೇ ಹೇಳಿಬಿಡುವುದು ಒಳ್ಳೆಯದೆಂಬಂತೆ.

“ನಂಗೆ ಮಗಳಿಲ್ಲ,” ಎಂದಳು ಸಾಕವ್ವ.

ಹುಡುಗಿ ಸ್ವಲ್ಪ ಹೊತ್ತು ಅವಳನ್ನೇ ನೋಡಿತು. ಆಮೇಲೆ ಪಕ್ಕಕ್ಕೆ ಸರಿದು ಜಾಗ ಕೊಟ್ಟಿತು.