ಫೈರ್‌ಮನ್ ನಿಲ್ಲುವ ಕಡೆ

"ಗುರುಗಳೇ, ಒಂದನ್ನು ಸರಿಯಾಗಿ ನೋಡಬೇಕೆಂದರೆ ಎಲ್ಲಿ ನಿಲ್ಲಬೇಕು?" ಎಂದು ಮರುಳಸಿದ್ಧ ಕೇಳಿದ.

ಮಠಕ್ಕೆ ನೂರು ವರ್ಷ ತುಂಬುವುದರಲ್ಲಿತ್ತು. ಅದರ ಚರಿತ್ರೆ ಬರೆಯುವ ಕೆಲಸವನ್ನು ಹಿರಿಯರು ಈ ಶಿಷ್ಯನಿಗೆ ವಹಿಸಿದ್ದರು. ಅವನು ಎರಡು ವರ್ಷ ಕೂತು ಬರೆದು, ಹಸ್ತಪ್ರತಿಗೆ ಕೆಂಪು ದಾರ ಕಟ್ಟಿ, ಗುರುಗಳ ಮುಂದೆ ತಂದಿಟ್ಟಿದ್ದ. ಅಚ್ಚಿಗೆ ಹೋಗುವ ಮೊದಲು ಅವರ ಬಾಯಿಂದ ಒಂದು ಭೇಷ್ ಬರಲಿ ಎಂಬ ಆಸೆ. ಪ್ರಶ್ನೆ ಬರೀ ಪೀಠಿಕೆ.

"ನಾನಂತೂ ಹಿರಿಯರು ತೋರಿಸಿದ ಜಾಗ ಬಿಟ್ಟು ಒಂದು ಹೆಜ್ಜೆ ಆಚೆ ಹೋಗಿಲ್ಲ" ಎಂದು ಉತ್ತರವನ್ನೂ ತಾನೇ ಸೇರಿಸಿದ.

ಆಗಷ್ಟೇ ಊಟ ಮುಗಿದಿತ್ತು. ಬಡಿಸಿದ ಮುದುಕಿ ಬಂದು ಇಬ್ಬರ ಎಲೆಯನ್ನೂ ಎತ್ತಿಕೊಂಡಳು. ಮಠದ ಅಡುಗೆಮನೆಯಲ್ಲಿ ಅವಳದು ನಲವತ್ತು ವರ್ಷದ ದುಡಿಮೆ. ಹಸ್ತಪ್ರತಿಗೆ ಸಾರು ತಾಗೀತೆಂದು ಶಿಷ್ಯ ಅದನ್ನು ಎದೆಗವಚಿಕೊಂಡ. ಅವಳು ಹೋದ ಮೇಲೆ ಮತ್ತೆ ಕೆಳಗಿಟ್ಟ.

ಗುರುಗಳು ಹಾಳೆ ತಿರುವಿದರು. ನಡುವೆ ಒಂದೆರಡು ಕಡೆ ನಿಂತರು, ಕೊನೆಯ ಪುಟ ನೋಡಿದರು, ಮತ್ತೆ ದಾರ ಕಟ್ಟಿದರು. ಭೇಷ್ ಬರಲಿಲ್ಲ.

"ಒಂದು ಕತೆ ಹೇಳುತ್ತೇನೆ. ಬೇಕಾದರೆ ಬರೆದುಕೋ. ಪೆನ್ನು ಹಿಡಿಯದಿದ್ದರೆ ನಿನಗೆ ಕಿವಿ ಕೇಳಿಸುವುದಿಲ್ಲ" ಎಂದು ಅವರು ಶುರುಮಾಡಿದರು.

ಒಂದು ಬೆಟ್ಟದ ದಾರಿಯಲ್ಲಿ ಉಗಿ ಎಂಜಿನ್ನಿನ ಹಳೆಯ ರೈಲೊಂದು ಓಡುತ್ತಿತ್ತು. ಅದರ ಜೊತೆಯವೆಲ್ಲ ಗುಜರಿಗೆ ಹೋಗಿ ಬಹಳ ಕಾಲವಾಗಿತ್ತು. ಇದೊಂದನ್ನು ಪರಂಪರೆಯ ರೈಲು ಎಂದು ಉಳಿಸಿಕೊಂಡಿದ್ದರು. ಭಾನುವಾರ ಬೆಳಿಗ್ಗೆ ಒಂದು ಸಲ ಅದು ಬೆಟ್ಟ ಹತ್ತುತ್ತಿತ್ತು. ಅದರ ಫೋಟೊ ತೆಗೆಯಲು ಊರೂರಿಂದ ಜನ ಬರುತ್ತಿದ್ದರು.

ಬಂದವರಿಗೆಲ್ಲ ಒಂದೇ ಚಿಂತೆ, ಎಲ್ಲಿ ನಿಲ್ಲುವುದು. ಸೇತುವೆಯ ಕೆಳಗೆ ನಿಂತು ನೋಡಿದರು, ಚಕ್ರ ಬಿಟ್ಟರೆ ಬೇರೇನೂ ಸಿಗಲಿಲ್ಲ. ಸುರಂಗದ ಬಾಯಲ್ಲಿ ನಿಂತರು, ಹೊಗೆ ಎಂಜಿನ್ನನ್ನೇ ನುಂಗಿತು. ಸ್ಟೇಷನ್ನಿನಲ್ಲಿ ನಿಂತರು, ಒಬ್ಬರ ಫೋಟೊದಲ್ಲಿ ಇನ್ನೊಬ್ಬರ ತಲೆ ಬಂತು. ಕೊನೆಗೆ ಏರು ಶುರುವಾಗುವಲ್ಲಿ, ಹಳಿ ತಿರುವು ತೆಗೆದುಕೊಳ್ಳುವ ಕಡೆ, ಒಂದು ದಿಬ್ಬ ಸಿಕ್ಕಿತು. ಅಲ್ಲಿ ಸೂರ್ಯ ಬೆನ್ನಿಗಿರುತ್ತಿದ್ದ. ಎಂಜಿನ್ನಿನ ಮೈ ಬಿಸಿಲಿಗೆ ಹೊಳೆಯುತ್ತಿತ್ತು, ಹಿಂದಿನ ಡಬ್ಬಿಗಳೆಲ್ಲ ಸಾಲಾಗಿ ಕಾಣುತ್ತಿದ್ದವು, ಏರು ಹತ್ತುವ ಎಂಜಿನ್ ಅಲ್ಲೇ ಕರೀ ಹೊಗೆ ಎಬ್ಬಿಸುತ್ತಿತ್ತು. ಇದೇ ಜಾಗ ಎಂದು ಎಲ್ಲರೂ ಒಪ್ಪಿದರು. ಒಪ್ಪಿದ ಮೇಲೆ ಕೇಳಬೇಕೆ? ಒಂದು ಸಂಘವಾಯಿತು, ಸಂಘಕ್ಕೊಬ್ಬ ಕಾರ್ಯದರ್ಶಿಯಾದ, ದಿಬ್ಬಕ್ಕೆ ಹಗ್ಗ ಕಟ್ಟಿಯಾಯಿತು.

ಆ ದಿಬ್ಬದ ಮೇಲೆ ಒಬ್ಬ ಹೆಂಗಸು ಮೆಣಸಿನಕಾಯಿ ಬಜ್ಜಿ ಕರಿದು, ಟೀ ಕಾಸಿ ಮಾರುತ್ತಿದ್ದಳು. ಅವಳು ಅದೇ ರೈಲಿನ ಫೈರ್‌ಮನ್‌ನ ಹೆಂಡತಿ. ಎಂಜಿನ್ನಿನ ಒಲೆಗೆ ಸಲಿಕೆಯಿಂದ ಕಲ್ಲಿದ್ದಲು ಎಸೆಯುವುದು ಅವಳ ಗಂಡನ ಕೆಲಸ. ಪರಂಪರೆ ಎಂಬ ಹೆಸರು ಬರುವುದಕ್ಕೂ ಬಹಳ ಮೊದಲಿನಿಂದ, ಮೂವತ್ತು ವರ್ಷ, ಅವನು ಅದೇ ಎಂಜಿನ್ನಿಗೆ ಎಸೆಯುತ್ತ ಬಂದಿದ್ದ.

ಬಜ್ಜಿ ಬೇಯುವಷ್ಟು ಹೊತ್ತು ಜನ ಮಾತಾಡುತ್ತಾರೆ. ಕೇಳಿ ಕೇಳಿ ಅವಳಿಗೂ ಆ ವಿದ್ಯೆ ಬಂತು. ಸೂರ್ಯ ಬೆನ್ನಿಗಿರಬೇಕು. ಕಂಬ ಅಡ್ಡ ಬರಬಾರದು. ಹೊಗೆ ಮೇಲೇಳುವವರೆಗೆ ಕೈ ತಡೆದುಕೊಳ್ಳಬೇಕು. ಹೊಗೆ ಇಲ್ಲದಿದ್ದರೆ ಬಂದದ್ದೇ ದಂಡ. ಆ ಹೊಗೆಗಾಗಿ ಕಾರ್ಯದರ್ಶಿ ಡ್ರೈವರಿಗೆ ಮೊದಲೇ ಹೇಳಿಡುತ್ತಿದ್ದ. ಡ್ರೈವರು ಫೈರ್‌ಮನ್‌ಗೆ ಹೇಳುತ್ತಿದ್ದ. ಫೈರ್‌ಮನ್ ತಿರುವಿನಲ್ಲಿ ಬೇಕಾದ್ದಕ್ಕಿಂತ ನಾಲ್ಕು ಸಲಿಕೆ ಹೆಚ್ಚು ಎಸೆಯುತ್ತಿದ್ದ. ದಿಬ್ಬದ ಮೇಲಿದ್ದವರು ಆಹಾ ಎನ್ನುತ್ತಿದ್ದರು. ಅವನು ಸಂಜೆ ಮನೆಗೆ ಬಂದು ಬೆನ್ನಿಗೆ ಬಿಸಿನೀರು ಹಾಕಿಸಿಕೊಳ್ಳುತ್ತಿದ್ದ.

ವರ್ಷ ಮುಗಿಯುವಾಗ ಸಂಘ ಒಂದು ಕ್ಯಾಲೆಂಡರ್ ಅಚ್ಚು ಹಾಕಿಸುತ್ತಿತ್ತು. ಹನ್ನೆರಡು ತಿಂಗಳಿಗೆ ಹನ್ನೆರಡು ಫೋಟೊ. ಬಜ್ಜಿಯವಳಿಗೂ ಒಂದು ಕೊಡುತ್ತಿದ್ದರು. ಅವಳು ಅದನ್ನು ಮನೆಗೆ ತಂದು, ಜನವರಿಯಿಂದ ಡಿಸೆಂಬರಿನವರೆಗೆ ಹಾಳೆ ಮಗುಚಿ ಗಂಡನನ್ನು ಹುಡುಕುತ್ತಿದ್ದಳು. ಪ್ರತಿ ಹಾಳೆಯಲ್ಲೂ ಡ್ರೈವರನ ಮೊಣಕೈ ಇರುತ್ತಿತ್ತು, ಡ್ರೈವರನ ಟೋಪಿ ಇರುತ್ತಿತ್ತು. ಅವಳ ಗಂಡ ಎಬ್ಬಿಸಿದ ಹೊಗೆ ಆಕಾಶದ ತುಂಬ ಇರುತ್ತಿತ್ತು. ಗಂಡ ಮಾತ್ರ ಇರುತ್ತಿರಲಿಲ್ಲ. ಹನ್ನೊಂದು ವರ್ಷ ಹನ್ನೊಂದು ಕ್ಯಾಲೆಂಡರನ್ನು ಅವಳು ಒಂದೇ ಮೊಳೆಗೆ ನೇತುಹಾಕಿದಳು. ಮನೆಗೆ ಬಂದ ನೆಂಟರು ಆ ಮೊಣಕೈ ತೋರಿಸಿ, ಇವರೇನಾ ನಿಮ್ಮ ಯಜಮಾನ್ರು ಎಂದು ಕೇಳುತ್ತಿದ್ದರು. ಅಲ್ಲ ಎಂದು ಹೇಳುವಾಗ ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

ಕಾರಣ ಅವಳಿಗೆ ತಿಳಿಯದ್ದೇನಲ್ಲ. ಎಂಜಿನ್ನಿನಲ್ಲಿ ಡ್ರೈವರ್ ಒಂದು ಪಕ್ಕ ನಿಲ್ಲುತ್ತಾನೆ, ಫೈರ್‌ಮನ್ ಇನ್ನೊಂದು ಪಕ್ಕ. ಡ್ರೈವರನ ಕಡೆಗೆ ಬಿಸಿಲಿತ್ತು, ಹಗ್ಗ ಕಟ್ಟಿದ ದಿಬ್ಬವಿತ್ತು, ಕ್ಯಾಮೆರಾಗಳಿದ್ದವು. ಫೈರ್‌ಮನ್‌ನ ಕಡೆಗೆ ಎಂಜಿನ್ನಿನದೇ ನೆರಳು, ಅದರಾಚೆ ಲಂಟಾನ ಬೆಳೆದ ಇನ್ನೊಂದು ದಿಬ್ಬ. ಅಲ್ಲಿಗೆ ಮೇಕೆಯೂ ಹೋಗುತ್ತಿರಲಿಲ್ಲ. ಒಮ್ಮೆ ಅವಳೇ ಬಾಯಿಬಿಟ್ಟು ಕೇಳಿದ್ದಳು, ಒಂದು ಸಲ ಆ ಕಡೆಯಿಂದ ತೆಗೀರಿ ಅಂತ. ಕೇಳಿಸಿಕೊಂಡವನು ಬಜ್ಜಿ ಕಚ್ಚುತ್ತ ನಕ್ಕಿದ್ದ. ಅಲ್ಲಿ ನಿಂತರೆ ಬಿಸಿಲು ಕಣ್ಣಿಗೆ ಹೊಡೆಯುತ್ತೆ, ಎಂಜಿನ್ ಕರ್ರಗೆ ಬರುತ್ತೆ, ಅದನ್ನು ಫೋಟೊ ಅನ್ನೋದಿಲ್ಲಮ್ಮ ಎಂದಿದ್ದ.

ಹೀಗಿರುವಾಗ ಎಂಜಿನ್ನಿನ ಬಾಯ್ಲರಿಗೆ ಮುಪ್ಪು ಬಂತು. ಬರುವ ಭಾನುವಾರ ಕೊನೆಯ ಓಟ, ಆಮೇಲೆ ಎಂಜಿನ್ ಮ್ಯೂಸಿಯಮ್ಮಿಗೆ, ಫೈರ್‌ಮನ್ ಮನೆಗೆ ಎಂದು ತೀರ್ಮಾನವಾಯಿತು. ಗಂಡ ಊಟಕ್ಕೆ ಕೂತಾಗ ಈ ಸುದ್ದಿ ಹೇಳಿದ. ಹೇಳಿ ಎಂದಿನಂತೆ ಉಂಡ. ಅವಳು ಗೋಡೆಯ ಕ್ಯಾಲೆಂಡರುಗಳ ಕಡೆ ನೋಡಿದಳು. ಕೊನೆಯ ದಿನವೂ ಆ ಮೊಣಕೈಯೇ ಬರುತ್ತದೆ. ಮೂವತ್ತು ವರ್ಷ ಒಬ್ಬ ಮನುಷ್ಯ ಒಲೆಯ ಮುಂದೆ ಬಗ್ಗಿ ನಿಂತಿದ್ದ ಎಂಬುದಕ್ಕೆ ಒಂದು ಗುರುತೂ ಉಳಿಯುವುದಿಲ್ಲ. ಶೆಡ್ಡಿನಲ್ಲಿ ಎಂಜಿನ್ನಿನ ಪಕ್ಕ ನಿಂತು ಒಂದು ಫೋಟೊ ತೆಗೆಸಿಕೊಳ್ಳಿ ಎಂದರೆ ಅವನು ಒಪ್ಪುವವನಲ್ಲ. ನಿಂತ ಎಂಜಿನ್ನಿನ ಪಕ್ಕ ಯಾರು ಬೇಕಾದರೂ ನಿಲ್ಲಬಹುದು ಎನ್ನುತ್ತಿದ್ದ. ಅದು ಅವಳಿಗೂ ಸರಿ ಎನ್ನಿಸಿತ್ತು. ಅವಳಿಗೆ ಬೇಕಾದದ್ದು ಕೆಲಸದಲ್ಲಿದ್ದ ಗಂಡ.

ಊಟದ ಹೊತ್ತಿಗೆ ಅವನು ಆಡುವ ಮಾತೆಲ್ಲ ಎಂಜಿನ್ನಿನದೇ. ಎಲ್ಲಿ ಉಗಿ ಕಡಿಮೆಯಾಗುತ್ತದೆ, ಎಲ್ಲಿ ಒಲೆಯ ಬಾಗಿಲು ತೆಗೆಯಬೇಕು, ಎಲ್ಲಿ ಮುಚ್ಚಬೇಕು. ತಿರುವಿನ ಒಂಟಿ ಹುಣಸೆಮರದ ನೇರಕ್ಕೆ ಬಂದ ಕೂಡಲೇ ಬಾಗಿಲು ತೆಗೆಯುತ್ತೇನೆ ಎಂದು ಅವನು ನೂರು ಸಲ ಹೇಳಿದ್ದ. ಆ ಹುಣಸೆಮರ ಇದ್ದದ್ದು ಆಚೆ ದಿಬ್ಬದಲ್ಲಿ. ಅವಳು ಬುಧವಾರ ಒಬ್ಬಳೇ ಹೋಗಿ, ಮರದ ಬುಡದ ಲಂಟಾನ ಕಡಿದು, ಎರಡು ಕಾಲಿಡುವಷ್ಟು ಜಾಗ ಮಾಡಿ ಬಂದಳು. ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಬೇಡ ಎನ್ನುತ್ತಿದ್ದ, ಅವನು ಯಾರ ಮಾತಿಗೂ ಎದುರಾಡಿದವನಲ್ಲ.

ಇನ್ನೊಂದು ಸಂಗತಿಯೂ ಅವಳಿಗೆ ಗೊತ್ತಿತ್ತು. ಬಿಸಿಲಿನಲ್ಲಿ ಉರಿ ಕಾಣುವುದಿಲ್ಲ. ದಿಬ್ಬದ ಮೇಲೆ ತನ್ನ ಒಲೆ ಹೊತ್ತಿದೆಯೋ ಇಲ್ಲವೋ ನೋಡಲು ಅವಳು ಸೆರಗು ಅಡ್ಡ ಹಿಡಿಯಬೇಕಾಗುತ್ತಿತ್ತು. ನೆರಳು ಮಾಡಿದರೆ ಮಾತ್ರ ಉರಿಯ ಬೆಳಕು ಮುಖಕ್ಕೆ ಬೀಳುತ್ತಿತ್ತು. ಇದನ್ನು ಸಂಘದವರು ಯಾರೂ ಹೇಳಿರಲಿಲ್ಲ. ಪಾಪ, ಅವರಲ್ಲಿ ಒಲೆ ಹಚ್ಚಿದವರು ಯಾರಿದ್ದರು?

ಕೊನೆಯ ಭಾನುವಾರ ದಿಬ್ಬದ ಮೇಲೆ ಕಾಲಿಡಲು ಜಾಗವಿರಲಿಲ್ಲ. ಅವಳು ಒಲೆ ಹಚ್ಚಲಿಲ್ಲ. ಟೀ ಕೇಳಿದವರಿಗೆ ಇವತ್ತಿಲ್ಲ ಎಂದಳು. ಮದುವೆ ಮುಂಜಿಗೆ ಉಡುವ ಕೆಂಪು ಸೀರೆ ಉಟ್ಟಿದ್ದಳು. ಹಳಿಯ ಕೆಳಗಿನ ಮೋರಿಯಲ್ಲಿ ಬಗ್ಗಿ ನಡೆದು, ಆಚೆ ದಿಬ್ಬ ಹತ್ತಿ, ಹುಣಸೆಮರದ ಬುಡದಲ್ಲಿ ನಿಂತಳು. ಕೈಯಲ್ಲಿ ಗಾಜು ಬಿರುಕು ಬಿಟ್ಟ ಒಂದು ಫೋನು.

ಈಚೆ ದಿಬ್ಬದಲ್ಲಿ ಗದ್ದಲವೆದ್ದಿತು. ಯಾವ ಕ್ಯಾಮೆರಾಕ್ಕೆ ಕಣ್ಣಿಟ್ಟರೂ ನಡುವೆ ಕೆಂಪು ಸೀರೆ. ಕಾರ್ಯದರ್ಶಿ ಹಗ್ಗದ ತನಕ ಓಡಿಬಂದು ಕೂಗಿದ.

"ಏನಮ್ಮ ಇದು! ಎಲ್ಲರ ಫೋಟೊದಲ್ಲೂ ನೀನೇ ಬರ್ತೀಯ. ಈಚೆ ಬಾ. ಆಗದಿದ್ರೆ ಆ ಪೊದೆ ಹಿಂದೆ ಕೂತ್ಕೋ."

"ಕೂರಲ್ಲ ಸ್ವಾಮಿ. ನಮ್ಮ ಯಜಮಾನ್ರು ಮೂವತ್ತು ವರ್ಷ ಮರೇಲಿ ನಿಂತಿದ್ದು ಸಾಕು. ನಾನು ಮರೆಗೆ ಹೋಗಲ್ಲ."

"ಅಲ್ಲಿಂದ ನಿನಗೇನು ಬರುತ್ತೆ? ಬರೀ ಕತ್ತಲೆ!"

"ಬರಲಿ ಬಿಡಿ. ನನ್ನ ಕತ್ತಲೆ ನನಗಿರಲಿ."

ಹನ್ನೊಂದು ವರ್ಷ ಅವರ ಕೈಗೆ ಬಜ್ಜಿ ಇಟ್ಟು, ಅವರು ಸಾಕು ಎಂದರೆ ಸಾಕು, ಬೇಕು ಎಂದರೆ ಬೇಕು ಎಂದವಳು. ಇಷ್ಟು ಜನ ಒಟ್ಟಿಗೆ ಬೈಯುವುದನ್ನು ಅವಳು ಎಂದೂ ಕೇಳಿರಲಿಲ್ಲ. ಆದರೂ ಕದಲಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಸೀಟಿ ಕೇಳಿಸಿತು. ಬೈಯುತ್ತಿದ್ದವರು ಬಾಯಿ ಮುಚ್ಚಿ ಕ್ಯಾಮೆರಾಕ್ಕೆ ಕಣ್ಣಿಟ್ಟರು.

ರೈಲು ಬಂತು. ಬಿಸಿಲು ನೇರವಾಗಿ ಅವಳ ಕಣ್ಣಿಗೆ ಹೊಡೆಯುತ್ತಿತ್ತು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಎಂಜಿನ್ ಕರ್ರಗೇ ಬಂತು. ಹತ್ತಿರ ಬಂದಾಗ ಅದೇ ಬಿಸಿಲಿಗೆ ಅಡ್ಡವಾಯಿತು. ಅದರ ನೆರಳು ಅವಳ ಮೇಲೆ ಬಿತ್ತು. ಹುಣಸೆಮರದ ನೇರಕ್ಕೆ ಬಂದ ಕೂಡಲೇ ಒಲೆಯ ಬಾಗಿಲು ತೆರೆಯಿತು.

ಆ ಕತ್ತಲೆಯ ನಡುವೆ ಅವಳ ಗಂಡನ ಮುಖ ಬೆಳಗಿತು. ಹುಬ್ಬಿನ ಮೇಲಿನ ಮಸಿ, ಕೆನ್ನೆಯ ಬೆವರು, ಸಲಿಕೆ ಹಿಡಿದ ಎರಡು ಕೈ, ಎಲ್ಲವೂ ಕಂಡವು. ಅವನು ಸಲಿಕೆ ತುಂಬಿ ಎತ್ತಿದವನು ಆಚೆ ನೋಡಿದ. ಮೂವತ್ತು ವರ್ಷದಲ್ಲಿ ಆ ದಿಬ್ಬದ ಮೇಲೆ ಒಬ್ಬರು ನಿಂತದ್ದನ್ನೂ ಅವನು ಕಂಡಿರಲಿಲ್ಲ. ಕೆಂಪು ಸೀರೆ ಕಂಡ. ಎತ್ತಿದ ಸಲಿಕೆ ಎತ್ತಿದಂತೆಯೇ ನಿಂತಿತು. ಬಗ್ಗಿದ ಬೆನ್ನು ನೆಟ್ಟಗಾಯಿತು. ಅವಳು ಫೋನು ಒತ್ತಿದಳು.

ಕಲ್ಲಿದ್ದಲು ಒಲೆಗೆ ಬೀಳಲಿಲ್ಲ. ಅದು ಬೀಳದೆ ಹೊಗೆ ಎಲ್ಲಿಂದ ಬರಬೇಕು? ಕೊನೆಯ ದಿನ, ಹೆಸರಾದ ತಿರುವಿನಲ್ಲಿ, ನೂರು ಕ್ಯಾಮೆರಾಗಳ ಎದುರು ಎಂಜಿನ್ ಬೋಳುತಲೆಯಲ್ಲಿ ಹಾದುಹೋಯಿತು. ತಿರುವು ದಾಟಿ, ಯಾರ ಕ್ಯಾಮೆರಾಕ್ಕೂ ಸಿಗದಷ್ಟು ದೂರ ಹೋದ ಮೇಲೆ ಮರಗಳಾಚೆ ಕರೀ ಹೊಗೆ ಎದ್ದಿತು.

ಕಾರ್ಯದರ್ಶಿ ಮೋರಿಯಲ್ಲಿ ನುಗ್ಗಿ, ಪ್ಯಾಂಟಿಗೆ ಕೆಸರು ಮಾಡಿಕೊಂಡು ಏದುಸಿರು ಬಿಡುತ್ತ ಬಂದ. ಬೈಗುಳ ಬಾಯ ತುದಿಯಲ್ಲಿತ್ತು. ಅವಳು ಫೋನನ್ನು ಅವನ ಮುಖದ ಮುಂದೆ ಹಿಡಿದಳು. ಅವನು ನೋಡಿದ. ಏನೇ ಇರಲಿ, ಫೋಟೊ ಬಲ್ಲವನು. ಬೈಗುಳ ಒಳಗೇ ಉಳಿಯಿತು.

"ಈ ಸಲದ ಕ್ಯಾಲೆಂಡರಿಗೆ ಇದನ್ನ ಕೊಡ್ತೀರಾ ತಾಯಿ? ಮೊದಲನೇ ಹಾಳೆಗೇ ಹಾಕ್ತೀವಿ" ಎಂದ.

"ಕೊಡಲ್ಲ. ಹನ್ನೊಂದು ವರ್ಷ ನಿಮಗೆ ಹಳಿಯ ಈಚೆ ಬರೋದೇ ದೂರ ಆಯ್ತು. ನಿಮ್ಮ ಕ್ಯಾಲೆಂಡರ್ ತೆಗೆದು ಆ ಮೊಳೆಗೆ ಇದನ್ನ ಹಾಕ್ತೀನಿ. ನೋಡ್ಬೇಕು ಅನ್ನೋರು ನಮ್ಮನೆಗೆ ಬರ್ಲಿ."

ಹೇಳಿದಂತೆ ಮಾಡಿದಳು. ಆ ಫೋಟೊ ಈಗಲೂ ಯಾವ ಕ್ಯಾಲೆಂಡರಿನಲ್ಲೂ ಇಲ್ಲ. ನೋಡಬೇಕೆಂದರೆ ಅವಳ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧ ಒಂದಕ್ಷರ ಬಿಡದೆ ಬರೆದುಕೊಂಡಿದ್ದ. ಮುನ್ನುಡಿಗೆ ಸೇರಿಸಿದರೆ ಚೆನ್ನಾಗಿರುತ್ತದೆ ಎಂದು ಅವನಿಗೆ ಆಗಲೇ ಅನ್ನಿಸಿತ್ತು. ಒಂದು ಜಾಗ ಮಾತ್ರ ಖಾಲಿ ಬಿಟ್ಟಿದ್ದ.

"ಗುರುಗಳೇ, ಆ ಹೆಂಗಸಿನ ಹೆಸರನ್ನು ನೀವು ಹೇಳಲೇ ಇಲ್ಲ" ಎಂದು ಪೆನ್ನು ಎತ್ತಿ ಹಿಡಿದ.

ಒಳಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ಹೇಳುತ್ತೇನೆ. ಮೊದಲು, ಈಗ ನಿನಗೆ ಅನ್ನ ಬಡಿಸಿ ಎಲೆ ಎತ್ತಿಕೊಂಡು ಹೋದವಳ ಹೆಸರು ನೀನು ಹೇಳು" ಎಂದರು ಗುರುಗಳು.